ಸಡ್ಡಕನ ಪೋರ್ತುಗೀಸ್ ಕಣ್ಣೀರು

ಮನುಷ್ಯನಿಗೆ ವೈರಿಗಳಿಲ್ಲದಿದ್ದರೂ ನಡೆಯುತ್ತದೆ, ಸಡ್ಡಕನೊಬ್ಬ ಇದ್ದರೆ ಸಾಕು. ಹೆಂಡತಿಯ ತಂಗಿಯ ಗಂಡ ಎಂಬ ಈ ಪ್ರಾಣಿಯನ್ನು ದೇವರು ಯಾವ ಉದ್ದೇಶಕ್ಕಾಗಿ ಸೃಷ್ಟಿಸಿದನೋ ಯಾವ ಪುರಾಣದಲ್ಲೂ ಹೇಳಿಲ್ಲ. ಆದರೆ ಸೋಲಾಪುರದ ಚಾದರ-ಟಾವೆಲ್ ವ್ಯಾಪಾರಿ ಸಿದ್ದರಾಮಪ್ಪನವರನ್ನು ಕೇಳಿದ್ದರೆ ಅವರು ಥಟ್ಟನೆ ಹೇಳುತ್ತಿದ್ದರು, ತಮ್ಮ ಹೊಟ್ಟೆ ಉರಿಸುವುದಕ್ಕಾಗಿ ಎಂದು.

ಅವರ ಸಡ್ಡಕ ಶಿವಶರಣಪ್ಪ ಅಕ್ಕಲಕೋಟ ತಾಲೂಕಿನ ಹನ್ನೂರಿನವರು. ಕಬ್ಬು, ದ್ರಾಕ್ಷಿ, ಊರಲ್ಲಿ ಹಿರೇತನ, ಎಲ್ಲ ಇದ್ದವರು. ಸಿದ್ದರಾಮಪ್ಪನವರ ಮನೆಗೆ ಫ್ರಿಜ್ ಬಂದರೆ ಹನ್ನೂರಿಗೆ ಎರಡು ಬಾಗಿಲಿನ ಫ್ರಿಜ್ ಬರುತ್ತಿತ್ತು. ಇವರು ಕಾಶಿಗೆ ಹೋಗಿ ಬಂದರೆ ಅವರು ಕಾಶಿ ಮುಗಿಸಿ ಕೇದಾರಕ್ಕೂ ಹೋಗಿ ಬರುತ್ತಿದ್ದರು. ಕೊನೆಗೆ ಇವರಿಗೆ ಶುಗರ್ ಬಂತು. ಇದರಲ್ಲಾದರೂ ತಾನು ಮುಂದೆ ಎಂದು ಸಿದ್ದರಾಮಪ್ಪನವರು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಶಿವಶರಣಪ್ಪನವರಿಗೆ ಶುಗರ್ ಜೊತೆಗೆ ಬಿಪಿಯೂ ಬಂದ ಸುದ್ದಿ ಮುಟ್ಟಿತು. ಇಂಥ ಮನುಷ್ಯನ ಜೊತೆ ಬಾಳುವೆ ಮಾಡುವುದು ಹೇಗೆ?

ಒಂದು ಭಾನುವಾರ ಸಿದ್ದರಾಮಪ್ಪನವರು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತಿದ್ದಾಗ ಹೆಂಡತಿ ಸುಮಿತ್ರಾಬಾಯಿ ಫೋನು ಕೆಳಗಿಟ್ಟು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ತಂಗಿ ನೀಲಾಬಾಯಿಯ ಜೊತೆ ಮಾತಾಡಿ ಮುಗಿಸಿದಾಗ ಬರುವ ನಿಟ್ಟುಸಿರೇ ಬೇರೆ. ಅದು ಬಂತೆಂದರೆ ಹನ್ನೂರಿನಲ್ಲಿ ಏನೋ ಹೊಸದು ಬಂದಿದೆ ಎಂದೇ ಅರ್ಥ.

"ಏನ ತಂದಾನ ಈ ಸಲ?" ಸಿದ್ದರಾಮಪ್ಪನವರು ಕೇಳಿದರು.

"ಏನೂ ತಂದಿಲ್ರಿ. ನಿನ್ನಿ ಮನಿ ಮಂದಿ ಎಲ್ಲಾ ಕೂಡಿ ಪೋರ್ತುಗೀಸ ಸಿನಿಮಾ ನೋಡ್ಯಾರಂತ. ಅದನ್ನ ನೋಡಿ ಶಿವಶರಣಪ್ಪಾರು ಅತ್ತಾರಂತ."

"ಅತ್ತಾನ? ಯಾಕ, ಲೈಟ್ ಹೋಗಿತ್ತೇನು?"

"ಮನಸ್ಸು ಮೆತ್ತಗ ಇದ್ದವರು ಅಳ್ತಾರ್ರಿ. ನಮ್ಮಪ್ಪ ತೀರಿಕೊಂಡಾಗ ನೀವು ಪೆಂಡಾಲದಾಂವನ ಕೂಡ ಕುರ್ಚಿ ಕಡಿಮಿ ಬಂದಾವಂತ ಜಗಳಾ ತಗದಿದ್ರಿ."

ಸಿದ್ದರಾಮಪ್ಪನವರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟರು. ವಿಷಯ ಇಷ್ಟೇ: ಶಿವಶರಣಪ್ಪನವರ ಸೊಸೆ ಪ್ರಣಿತಾ ಪುಣೆಯಲ್ಲಿ ಸಿನಿಮಾದ ಬಗ್ಗೆ ಓದಿ ಬಂದವಳು. ಹಿಂದಿನ ಶತಮಾನದ ಕೊನೆಯಲ್ಲಿ, ಎಂಬತ್ತು-ತೊಂಬತ್ತರ ದಶಕಗಳಲ್ಲಿ, ಪೋರ್ತುಗಾಲದವರು ತೆಗೆದ ಅಳುವ ಸಿನಿಮಾ, ನಗುವ ಸಿನಿಮಾ ಎಲ್ಲ ಅವಳ ಅಭ್ಯಾಸದ ವಿಷಯ. ದ್ರಾಕ್ಷಿ ತೋಟದ ಮನೆಯಲ್ಲಿ ಗೋಡೆಗೆ ಬಿಳಿ ಚಾದರ ಕಟ್ಟಿ ಅವನ್ನು ತೋರಿಸುತ್ತಿದ್ದಳು. ಫ್ರಿಜ್ಜಿಗೆ ಉತ್ತರ ಕೊಡಬಹುದು, ಕೇದಾರಕ್ಕೂ ಕೊಡಬಹುದು, ಆದರೆ ಮೆತ್ತಗಿನ ಮನಸ್ಸಿಗೆ ಏನು ಉತ್ತರ ಕೊಡುವುದು? ಅದೂ ಸ್ವಂತ ಹೆಂಡತಿಯ ಬಾಯಲ್ಲಿ, ಸ್ವಂತ ಅಡುಗೆಮನೆಯಲ್ಲಿ ಸಡ್ಡಕನ ಹೊಗಳಿಕೆ! ಹೊಟ್ಟೆಕಿಚ್ಚಿಗೆ ಕಣಜ ಸುಟ್ಟುಕೊಂಡವರನ್ನು ಕೇಳಿದ್ದೇವೆ. ಸಿದ್ದರಾಮಪ್ಪನವರು ಆ ಕ್ಷಣದಲ್ಲಿ ಸುಟ್ಟುಕೊಂಡದ್ದು ನಾಲಿಗೆಯನ್ನು.

"ನಾ ಪೋರ್ತುಗೀಸ ಸಿನಿಮಾ ನೋಡಾಕ ಸುರು ಮಾಡಿದಾಗ ನಿಮ್ಮ ಶಿವಶರಣಪ್ಪ ಹನ್ನೂರಾಗ ಎಮ್ಮಿ ಮೈ ತೊಳೀತಿದ್ದ," ಎಂದರು.

ಸುಮಿತ್ರಾಬಾಯಿ ಗಂಡನನ್ನು ಹೊಸಬನನ್ನು ನೋಡಿದಂತೆ ನೋಡಿದರು. "ನೀವು? ಯಾವಾಗ?"

"ಗೋವಾದ ಹೊಟೇಲಿಗೆ ಟಾವೆಲ್ ಕೊಡಾಕ ಹೋಗ್ತಿದ್ದಿಲ್ಲೇನು? ಅಲ್ಲಿ. ಎಷ್ಟ ನೋಡೀನಿ, ಎಷ್ಟ ಅತ್ತೀನಿ! ಹೇಳ್ಕೋತ ಅಡ್ಡಾಡ್ಲಿಲ್ಲ, ಅಷ್ಟ."

ಪೂರ್ತಿ ಸುಳ್ಳೆನ್ನುವಂತಿಲ್ಲ. ಗೋವಾಕ್ಕೆ ಹೋದದ್ದು ಖರೆ. ಮಳೆ ಬಂದಾಗ ಒಂದು ಸಿನಿಮಾ ಟಾಕೀಜಿನ ಸಜ್ಜದ ಕೆಳಗೆ ನಿಂತದ್ದೂ ಖರೆ. ಒಳಗೆ ಯಾವ ಸಿನಿಮಾ ಇತ್ತೋ ದೇವರಿಗೇ ಗೊತ್ತು, ಬಹುಶಃ ಹಿಂದಿ. ಆದರೆ ಒಂದು ಸುಳ್ಳಿಗೆ ನಿಲ್ಲಲು ಸಜ್ಜದ ಕೆಳಗಿನಷ್ಟು ಜಾಗ ಸಾಕಾಗುತ್ತದೆ.

ಮಾತು ಸೋಲಾಪುರದಿಂದ ಹನ್ನೂರಿಗೆ ಸುಮಿತ್ರಾಬಾಯಿಯ ಫೋನಿನಲ್ಲಿ ಹೋಯಿತು. ಅಂಗಡಿ ಸಾಲಿಗೆ ಅದನ್ನು ಮುಟ್ಟಿಸಿದವರು ಪಕ್ಕದ ಸೀರೆ ಅಂಗಡಿಯ ರೇವಣ್ಣ. ರೇವಣ್ಣನ ಅಂಗಡಿ ದಾಟುವಾಗ "ಸಿದ್ದರಾಮಪ್ಪಾರು ಗೋವಾದಾಗ ಪೋರ್ತುಗೀಸ ಸಿನಿಮಾ ನೋಡ್ಯಾರ" ಎಂದಿದ್ದದ್ದು ಸಾಲಿನ ಕೊನೆಯ ಅಂಗಡಿ ಮುಟ್ಟುವ ಹೊತ್ತಿಗೆ "ಸಿದ್ದರಾಮಪ್ಪಾರು ಪೋರ್ತುಗೀಸ ಸಿನಿಮಾದಾಗ ಕೆಲಸ ಮಾಡ್ಯಾರ, ವಿಲನ್ ಅಂತ" ಎಂದಾಗಿತ್ತು. ಸಿದ್ದರಾಮಪ್ಪನವರು ಅದನ್ನು ತಿದ್ದಲಿಲ್ಲ. ಮರುದಿನ ಅಂಗಡಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು.

ಅದರ ಫಲವಾಗಿ ಪ್ರಣಿತಾಳ ಫೋನು ಬಂತು.

"ದೊಡ್ಡಮಾವಾರ, ಅಕ್ಕಲಕೋಟದಾಗ ಲಗ್ನ ಮಾಡೂ ಮಂಗಲ ಕಾರ್ಯಾಲಯ ಹಿಡಿದೀನ್ರಿ. ಬರೂ ಐತವಾರ ಪೋರ್ತುಗೀಸ ಸಿನಿಮಾ ತೋರಸ್ತೀನಿ. ನೀವ ಪ್ರಮುಖ ಪಾಹುಣೆ, ಮುಖ್ಯ ಅತಿಥಿ ಆಗಿ ಬರಬೇಕ್ರಿ. ನಿಮ್ಮಷ್ಟು ನೋಡಿದವರು ಈ ಜಿಲ್ಲಾದಾಗ ಯಾರ ಅದಾರ?"

"ನನಗ ಅವತ್ತ ಪುರಸೊತ್ತ ಆಗೂದಿಲ್ಲವ್ವಾ..."

"ಹಂಗಾರ ನಮ್ಮ ಮಾವಾರನ್ನ ಪ್ರಮುಖ ಪಾಹುಣೆ ಮಾಡ್ತೀನ್ರಿ."

"ಪುರಸೊತ್ತ ಮಾಡ್ಕೋತೀನಿ," ಎಂದರು ಸಿದ್ದರಾಮಪ್ಪನವರು.

ಪರೀಕ್ಷೆ ಎಂದ ಮೇಲೆ ಅಭ್ಯಾಸ ಮಾಡಬೇಕಲ್ಲ? ಮಗ ಶೈಲೇಶ ಊರ ಹೊರಗಿನ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ನೌಕರಿ ಮಾಡುವವನು. ಸಂಜೆ ಅವನು ಬಂದ ಮೇಲೆ ಬಾಗಿಲು ಮುಂದೆ ಮಾಡಿ ಅವನ ಫೋನಿನಲ್ಲಿ ಒಂದು ಪೋರ್ತುಗೀಸ್ ಸಿನಿಮಾ ಹಚ್ಚಿಸಿದರು. ತೆರೆಯ ಮೇಲೆ ಒಬ್ಬ ಮನುಷ್ಯ ಕಿಟಕಿಯ ಪಕ್ಕ ಕೂತಿದ್ದ. ಹೊರಗೆ ನದಿ. ಅವನು ನದಿಯನ್ನು ನೋಡಿದ. ನೋಡುತ್ತಲೇ ಇದ್ದ. ಸಿದ್ದರಾಮಪ್ಪನವರು ಚಹಾ ಕುಡಿದು ಮುಗಿಸಿದರು, ಬಶಿ ಕೆಳಗಿಟ್ಟರು. ಅವನು ಇನ್ನೂ ನೋಡುತ್ತಿದ್ದ. ಇವರು ಫೋನನ್ನು ಅಂಗೈಗೆ ಎರಡು ಸಲ ಬಡಿದರು.

"ಪಪ್ಪಾ, ಏನ ಮಾಡಾಕತ್ತೀರಿ?"

"ಹ್ಯಾಂಗ್ ಆಗ್ಯಾದೋ ಶೈಲ್ಯಾ."

"ಹ್ಯಾಂಗ್ ಆಗಿಲ್ರಿ. ಅಂವಾ ವಿಚಾರ ಮಾಡಾಕತ್ತಾನ."

"ಇಷ್ಟೊತ್ತನಕಾ ಏನ ವಿಚಾರ? ಹೆಂಡ್ತಿ ಸತ್ತಾಳೇನು, ಧಂದೆ ಮುಳುಗೇತೇನು?"

"ಗೊತ್ತಿಲ್ರಿ. ಪ್ರಣಿತಾ ಅಂತಾಳ, ನಾವೂ ಅವನ ಕೂಡ ವಿಚಾರ ಮಾಡಬೇಕಂತ."

ಸಿದ್ದರಾಮಪ್ಪನವರು ಪ್ರಾಮಾಣಿಕವಾಗಿ ವಿಚಾರ ಮಾಡಲು ಕೂತರು ಮತ್ತು ಅಷ್ಟೇ ಪ್ರಾಮಾಣಿಕವಾಗಿ ನಿದ್ದೆ ಹೋದರು. ಎಚ್ಚರವಾದಾಗ ಸಿನಿಮಾ ಮುಗಿದಿತ್ತು. ಆಗ ಅವರಿಗೆ ಒಂದು ಯುಕ್ತಿ ಹೊಳೆಯಿತು. ಸಿನಿಮಾ ತಿಳಿಯುವ ಜರೂರಿ ಏನಿದೆ? ಶಿವಶರಣಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ಅವನಿಗೆ ತಿಳಿಯುತ್ತದೆ, ಅತ್ತಿದ್ದಾನಲ್ಲ. ಅವನು ಅತ್ತಾಗ ಅಳುವುದು, ನಕ್ಕಾಗ ನಗುವುದು. ಒಂದೇ ಎಚ್ಚರಿಕೆ, ಅವನಿಗಿಂತ ಒಂದು ಪಾವು ಹೆಚ್ಚಿಗೆ.

ಭಾನುವಾರ ಮಧ್ಯಾಹ್ನ ಗಂಡ-ಹೆಂಡತಿ ಸ್ಕೂಟರಿನ ಮೇಲೆ ಅಕ್ಕಲಕೋಟ ಮುಟ್ಟಿದರು. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಅವರನ್ನು ಎದುರುಗೊಂಡವರು ಊರ ಹೊಲಗಳ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಠಿ ಯೋಗಿರಾಜ ಸಾಹೇಬರು. ನೌಕರಿ ಮುಗಿದ ಮೇಲೆ ಇವರು ಹಿಡಿದ ಕೆಲಸ ಅಧ್ಯಕ್ಷತೆ. ಹುಟ್ಟುಹಬ್ಬವಿರಲಿ, ಹಂದಿ ಹಿಡಿಯುವ ಅಭಿಯಾನವಿರಲಿ, ಊರಲ್ಲಿ ಮೈಕು ಹಚ್ಚಿದರೆ ಅದರ ಹಿಂದೆ ಯೋಗಿರಾಜ ಸಾಹೇಬರು ನಿಂತಿರಲೇಬೇಕು. ಮೊದಲ ಸಾಲಿನಲ್ಲಿ ಎರಡು ಸೋಫಾ ಹಾಕಿದ್ದರು. ಒಂದರಲ್ಲಿ ಸಡ್ಡಕರಿಬ್ಬರು, ಇವರ ಆಚೆ ಬದಿಗೆ ಸುಮಿತ್ರಾಬಾಯಿ. ಇನ್ನೊಂದರಲ್ಲಿ ನೀಲಾಬಾಯಿ ಮತ್ತು ಶಿವಶರಣಪ್ಪನವರ ಮುದಿ ಸೋದರತ್ತೆ ಜನಾಬಾಯಿ. ಹಿಂದೆ ಊರ ಮಂದಿ, ಮಹಿಳಾ ಮಂಡಳದವರು, ಮದುವೆ ಇದೆಯೆಂದು ತಿಳಿದು ಬಂದ ಒಂದಿಷ್ಟು ಜನ.

ಮೊದಲು ಸತ್ಕಾರ. ಸಿದ್ದರಾಮಪ್ಪನವರಿಗೆ ಶಾಲು, ತೆಂಗಿನಕಾಯಿ. ಶಿವಶರಣಪ್ಪನವರಿಗೂ ಶಾಲು, ತೆಂಗಿನಕಾಯಿ. ಸಿದ್ದರಾಮಪ್ಪನವರು ಎರಡೂ ಶಾಲುಗಳ ಅಂಚನ್ನು ವ್ಯಾಪಾರಿಯ ಕಣ್ಣಿನಿಂದ ಅಳೆದರು. ಸಡ್ಡಕನ ಶಾಲು ಒಂದು ಗೇಣು ಉದ್ದ! ಮೇಲಾಗಿ ಅದು ತಮ್ಮದೇ ಅಂಗಡಿಯ ಮಾಲು. ಕಾಯಿ? ಅವನ ಕಾಯಿಗೆ ಜುಟ್ಟು ದಟ್ಟವಾಗಿತ್ತು. ಈ ಅನ್ಯಾಯದ ಲೆಕ್ಕಾಚಾರ ಮನಸ್ಸಿನಲ್ಲಿ ನಡೆದಿದ್ದಾಗ ಪ್ರಣಿತಾ ಮೈಕಿನಲ್ಲಿ ಏನೋ ಹೇಳಿದಳು. ಅವಳು ಹೇಳಿದ್ದು ಇಷ್ಟು: ತೋರಿಸಬೇಕೆಂದಿದ್ದ ದುಃಖದ ಸಿನಿಮಾ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಅದರ ಬದಲು ತೊಂಬತ್ತರ ದಶಕದ ಒಂದು ಹಾಸ್ಯ ಸಿನಿಮಾ ತೋರಿಸುತ್ತೇವೆ. ಪೋರ್ತುಗೀಸರ ಹಾಸ್ಯ ಮುಖ ಗಂಟು ಹಾಕಿಕೊಂಡೇ ನಗಿಸುವಂಥದ್ದು. ಇದು ಸಿದ್ದರಾಮಪ್ಪನವರ ಕಿವಿಗೆ ಬೀಳಲಿಲ್ಲ. ಶಿವಶರಣಪ್ಪನವರ ಕಿವಿಗೂ ಬೀಳಲಿಲ್ಲ, ಏಕೆಂದರೆ ಅವರು ಬಗ್ಗಿ ಸಿದ್ದರಾಮಪ್ಪನವರ ಶಾಲಿನ ಜರಿ ನೋಡುತ್ತಿದ್ದರು.

ಸಿದ್ದರಾಮಪ್ಪನವರು ಎದ್ದು ಎರಡು ಮಾತು ಆಡಿದರು. "ಪೋರ್ತುಗೀಸ ಸಿನಿಮಾ ಅಂದ್ರ ಹಗರ ಮಾತಲ್ಲ. ಅದನ್ನ ನೋಡಾಕ ಕಣ್ಣ ಸಾಲೂದಿಲ್ಲ, ಎದಿ ಬೇಕು. ಕೆಲವರಿಗೆ ನಿನ್ನೆ ಮೊನ್ನೆ ಎದಿ ಬಂದೈತಿ. ಕೆಲವರಿಗೆ ಮೊದಲಿಂದನೂ ಐತಿ." ಚಪ್ಪಾಳೆ ಬಿತ್ತು. ಶಿವಶರಣಪ್ಪನವರೂ ತಟ್ಟಿದರು, ಆದರೆ ಎರಡೇ ಬೆರಳಿನಿಂದ.

ದೀಪ ಆರಿತು. ಸಿನಿಮಾ ಸುರುವಾಯಿತು. ಲಿಸ್ಬನ್ ಎಂಬ ಊರಿನ ಇಕ್ಕಟ್ಟಾದ ಹಳೆಯ ಮನೆ, ನಾಲ್ಕನೆಯ ಮಹಡಿ, ಕಪ್ಪು ಬಟ್ಟೆಯ ಹೆಂಗಸರು. ಮಧ್ಯದಲ್ಲಿ ಶವಪೆಟ್ಟಿಗೆ. ಯಾರೂ ಮಾತಾಡುತ್ತಿಲ್ಲ, ಎಲ್ಲರ ಮುಖವೂ ಒಣಗಿದ ಬದನೆಕಾಯಿ. ಸಿದ್ದರಾಮಪ್ಪನವರು ತೆರೆಯನ್ನು ನೋಡಿದ್ದು ಅಷ್ಟೇ. ಆಮೇಲೆ ಕತ್ತು ಬಲಕ್ಕೆ ತಿರುಗಿಸಿ ಸಡ್ಡಕನ ಮುಖದ ಮೇಲೆ ದೃಷ್ಟಿ ನೆಟ್ಟರು.

ಸ್ವಲ್ಪ ಹೊತ್ತಿಗೆ ಶಿವಶರಣಪ್ಪನವರ ಕಣ್ಣಂಚಿನಲ್ಲಿ ನೀರು ಹೊಳೆಯಿತು. ಅವರು ಶಾಲಿನಿಂದ ಒರೆಸಿಕೊಂಡರು.

ಸುರುವಾಯಿತು! ಸಿದ್ದರಾಮಪ್ಪನವರು ಕೂಡಲೇ ಶಾಲು ಕಣ್ಣಿಗೆ ಒತ್ತಿ ಮೂಗು ಸೇದಿದರು. ಆ ಸದ್ದಿಗೆ ಶಿವಶರಣಪ್ಪನವರು ಬೆಚ್ಚಿ ಇವರತ್ತ ನೋಡಿ, ತಾವೂ ಒಮ್ಮೆ ಬಿಕ್ಕಿದರು. ಇವರು ಎರಡು ಸಲ ಬಿಕ್ಕಿದರು. ಅವರು "ಅಯ್ಯೋ ಶಿವನ" ಎಂದರು. ಇವರು "ಅಯ್ಯೋ ಶಿವನ, ಎಂಥಾ ಮನಿಶ್ಯಾ ಹ್ವಾದ್ಯೋ" ಎಂದು ಎದೆ ಮುಟ್ಟಿಕೊಂಡರು. ಎಂಥ ಮನುಷ್ಯ ಹೋದನೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಈಗ ನಮ್ಮ ಕಡೆಯ ರಿವಾಜು ಸ್ವಲ್ಪ ಹೇಳಬೇಕು. ಸಾವಿನ ಮನೆಯಲ್ಲಿ ಹಿರಿಯರು ಅಳುತ್ತಿರುವಾಗ ಒಣ ಕಣ್ಣಿನಿಂದ ಕೂಡುವುದು ಮರ್ಯಾದೆಯಲ್ಲ. ಸತ್ತವರು ಯಾರೆಂದು ಆಮೇಲೆ ಕೇಳಿದರಾಯಿತು, ಮೊದಲು ಕೊರಳಿಗೆ ಕೊರಳು ಕೂಡಿಸಬೇಕು. ಎದುರಿಗೆ ಶವಪೆಟ್ಟಿಗೆ ಇದೆ, ಮೊದಲ ಸಾಲಿನಲ್ಲಿ ಶಾಲು ಹೊದ್ದ ಇಬ್ಬರು ಹಿರಿಯರು ಗೋಳಾಡುತ್ತಿದ್ದಾರೆ. ಮಂಡಳದ ಹೆಣ್ಣುಮಕ್ಕಳಲ್ಲಿ ಕೆಲವರು ಹಾಸ್ಯ ಸಿನಿಮಾ ಎಂಬುದನ್ನು ಕೇಳಿಸಿಕೊಂಡಿದ್ದರು. ಆದರೆ ತಿಳಿದವರೇ ಅಳುವಾಗ ತಾವು ನಗುವುದು ಹೇಗೆ? ಜನಾಬಾಯಿ ಸೆರಗು ಬಾಯಿಗಿಟ್ಟುಕೊಂಡು ರಾಗ ತೆಗೆದರು. ನೀಲಾಬಾಯಿ ಅವರನ್ನು ತಬ್ಬಿಕೊಂಡರು. ಹಿಂದಿನ ಸಾಲಿನವರು ನೀಲಾಬಾಯಿಯನ್ನು ತಬ್ಬಿಕೊಂಡರು. ತೆರೆಯ ಮೇಲೆ ಪೆಟ್ಟಿಗೆ ಹೊತ್ತವರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಬಿದ್ದಿದ್ದರು. ಮೇಲಕ್ಕೂ ಹೋಗದು, ಕೆಳಕ್ಕೂ ಬರದು. ಇತ್ತ ಕಾರ್ಯಾಲಯದ ಅಡುಗೆಮನೆಯಿಂದ ಅಡುಗೆ ಮಾಡುವ ರೇವಮ್ಮ ಓಡಿ ಬಂದು, ನೋಡಿ, ಗಾಬರಿಯಾಗಿ ಒಳಗೆ ಹೋದರು. ಎಲ್ಲರಿಗೆಂದು ಮಾಡಲು ಹಚ್ಚಿದ್ದ ಶಿರಾದ ಒಲೆ ಆರಿಸಿ ಕಡಲೆಹಿಟ್ಟಿನ ಖಾರದ ಝುಣಕಾ ಹಚ್ಚಿದರು. ಸಾವಿನ ಮನೆಯಲ್ಲಿ ಸಿಹಿ ಬಡಿಸುತ್ತಾರೆಯೇ?

ಆಗ ಯೋಗಿರಾಜ ಸಾಹೇಬರಿಗೆ ತಮ್ಮ ಕರ್ತವ್ಯ ನೆನಪಾಯಿತು. ದೀಪ ಹಚ್ಚಿಸಿದರು, ಸಿನಿಮಾ ನಿಲ್ಲಿಸಿದರು, ಮೈಕು ಹಿಡಿದರು. "ಸಗಳ್ಯಾನ್ನಿ ಉಭೆ ರಾಹಾ! ಎಲ್ಲಾರೂ ಎದ್ದ ನಿಲ್ರಿ. ಕೈಲಾಸವಾಸಿ... ಕೈಲಾಸವಾಸಿ..." ಎಂದು ತಡವರಿಸಿ ಪ್ರಣಿತಾಳತ್ತ ಬಗ್ಗಿದರು. "ಹೆಸರ ಏನವ್ವಾ ತೀರಿಕೊಂಡವರದು?"

"ಸಾಹೇಬ್ರ, ಅದು ಸಿನಿಮಾ!"

"ಸಿನಿಮಾದವರಾದ್ರೇನು, ಮನಿಶ್ಯಾರಲ್ಲೇನು? ಎರಡ ಮಿನಿಟ ಮೌನ!"

ಸಭೆ ಎದ್ದು ನಿಂತಿತು. ಸಿದ್ದರಾಮಪ್ಪನವರು ಎಲ್ಲರಿಗಿಂತ ನೆಟ್ಟಗೆ ನಿಂತರು. ಆ ನಿಶ್ಶಬ್ದದಲ್ಲಿ ಜನಾಬಾಯಿ ಮೆಲ್ಲಗೆ ಕೇಳಿದರು, "ವಯಸ್ಸ ಎಷ್ಟಾಗಿತ್ತ? ಮಕ್ಕಳ ಎಷ್ಟ?"

ಪ್ರಣಿತಾ ಮೈಕು ಕಸಿದುಕೊಂಡಳು. ಅವಳ ಕಣ್ಣಲ್ಲಿ ಮಾತ್ರ ಖರೇ ನೀರಿತ್ತು. "ಇದು ನಗೂ ಸಿನಿಮಾ ಐತ್ರಿ! ಮೊದಲ ಹೇಳೀನಿ. ಪೆಟ್ಟಿಗಿ ಮೆಟ್ಟಿಲದಾಗ ಸಿಗಬೀಳತೈತಿ, ಊರ ಮಂದಿ ಎಲ್ಲಾ ಬಂದು ಬುದ್ಧಿ ಹೇಳ್ತಾರ, ಅದ ಕಥಿ. ಜಗತ್ತಿನಾಗ ಎಲ್ಲಾ ಕಡಿ ನಕ್ಕಾರ್ರಿ. ದೊಡ್ಡಮಾವಾರ, ನೀವರ ಹೇಳಬಾರದೇನ್ರಿ? ನಿಮಗ ಗೊತ್ತಿತ್ತಲ್ಲಾ!"

ಇಡೀ ಕಾರ್ಯಾಲಯ ಸಿದ್ದರಾಮಪ್ಪನವರತ್ತ ತಿರುಗಿತು. ಅವರ ಬೆರಳು ಸಡ್ಡಕನ ಕಡೆಗೆ ಹೋಯಿತು. "ಇವರು ಅಳಾಕತ್ತಿದ್ರು. ಇವರನ್ನ ನೋಡಿ ನಾ ಅತ್ತೆ."

"ನಾನೇನು?" ಶಿವಶರಣಪ್ಪನವರು ಕೆರಳಿದರು. "ಅಣ್ಣಾರ, ನೀವು ತಿಳದವರು ಅಂತ ನಾ ನಿಮ್ಮನ್ನ ನೋಡಿ ಅತ್ತೀನಿ!"

"ಮೊದಲ ಕಣ್ಣ ಒರಸಿದವರು ಯಾರು?"

ಶಿವಶರಣಪ್ಪನವರು ಸುತ್ತ ನೋಡಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ನನಗ ಆಕಳಿಕಿ ಬಂದ್ರ ಕಣ್ಣಾಗ ನೀರ ಬರ್ತಾವ್ರಿ," ಎಂದರು ತಗ್ಗಿದ ದನಿಯಲ್ಲಿ. "ಅವತ್ತ ಮನ್ಯಾಗನೂ ಆಕಳಿಕಿನ. ಇಕಿ ನೀಲಾ, ಅತ್ತಾರ ಅತ್ತಾರ ಅಂತ ಊರ ತುಂಬ ಫೋನ ಮಾಡಿದ್ಲು. ನಾ ಎಷ್ಟ ಮಂದಿಗಂತ ಹೇಳ್ಲಿ?"

ಹೀಗೆ ಹನ್ನೂರಿನ ಮೆತ್ತಗಿನ ಮನಸ್ಸು ಅಕ್ಕಲಕೋಟದಲ್ಲಿ ಎಲ್ಲರೆದುರು ಬಯಲಾಯಿತು. ಸಿದ್ದರಾಮಪ್ಪನವರು ಕುಣಿದು ಕುಪ್ಪಳಿಸಬೇಕಾದ ಗಳಿಗೆ. ಆದರೆ ಕುಣಿಯುವಂತಿರಲಿಲ್ಲ, ಅದೇ ಕೆಸರಿನಲ್ಲಿ ತಮ್ಮ ಕಾಲೂ ಇತ್ತು. ಸಭೆಯಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಜನಾಬಾಯಿಯೂ ನಕ್ಕರು. ಪೋರ್ತುಗೀಸ್ ಹಾಸ್ಯಕ್ಕೆ ಬರಬೇಕಾದ ನಗು ಪೂರ್ತಿ ಸಡ್ಡಕರಿಬ್ಬರ ಪಾಲಿಗೆ ಬಂತು. ಸಿನಿಮಾ ಮತ್ತೆ ಹಚ್ಚಿದರು. ಸಿದ್ದರಾಮಪ್ಪನವರು ಮುಗಿಯುವ ತನಕ ಮುಖದ ಮೇಲಿನ ಶಾಲು ತೆಗೆಯಲಿಲ್ಲ. ಝುಣಕಾ-ರೊಟ್ಟಿಗೂ ನಿಲ್ಲಲಿಲ್ಲ.

ಸ್ಕೂಟರು ಸೋಲಾಪುರದ ರಸ್ತೆ ಹಿಡಿಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಿಂದೆ ಕೂತ ಸುಮಿತ್ರಾಬಾಯಿ ತುಟಿ ಬಿಚ್ಚಲಿಲ್ಲ. ಬೈದರೆ ಬೈಗುಳಕ್ಕೆ ಉತ್ತರ ಕೊಡಬಹುದು, ಸುಮ್ಮನಿದ್ದವರಿಗೆ ಏನು ಕೊಡುವುದು? ಕುಂಭಾರಿ ಬರುವ ಹೊತ್ತಿಗೆ ಸಿದ್ದರಾಮಪ್ಪನವರಿಗೆ ತಡೆಯಲಾಗಲಿಲ್ಲ. ಒಂದು ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು.

"ಬೈದಬಿಡ ಒಮ್ಮೆ. ಗೋವಾದ್ದು ಸುಳ್ಳ. ಅವನ ಮನಸ್ಸ ಮೆತ್ತಗಂತ ನೀ ಅಂದಿ, ನನ್ನ ಹೊಟ್ಟಿ ಉರೀತು. ಮಂದಿ ನಗಲಿ ಬಿಡು, ನೀ ನನ್ನ ಹಗರ ತಿಳೀಬ್ಯಾಡ."

ಸುಮಿತ್ರಾಬಾಯಿ ಅಂಗಡಿಯ ಬೆಂಚಿನ ಮೇಲೆ ಕೂತರು. "ನಾ ನಕ್ಕಿದ್ದೆ, ಗೊತ್ತೇನ್ರಿ?"

"ಎಲ್ಲಾರೂ ನಕ್ರಲ್ಲಾ."

"ಅದಲ್ರಿ. ಮಂದಿ ಅಳಾಕತ್ತಿದಾಗ. ಆ ಪೆಟ್ಟಿಗಿ ಮೆಟ್ಟಿಲದಾಗ ಸಿಗಬಿತ್ತಲ್ಲಾ, ಒಬ್ಬಾಕಿ ಮುದಕಿ ಬಂದು ಅದರ ಮ್ಯಾಲ ತನ್ನ ಕಾಯಿಪಲ್ಲೆ ಚೀಲ ಇಟ್ಟು ದಮ್ಮ ಹಾರಿಸಿಕೊಂಡ್ಲು. ನನಗ ನಗಿ ತಡೀಲಿಲ್ಲ. ಸೆರಗ ಕಚ್ಚಿಕೊಂಡ ನಕ್ಕೆ. ನಿಮ್ಮ ಎಡಕ್ಕ ಕುಂತಿದ್ದೆ. ನೀವು ಬಲಕ್ಕ ಶಿವಶರಣಪ್ಪಾರ ಮಾರಿ ನೋಡಾಕತ್ತಿದ್ರಿ. ಒಂದ ಸಲಾ ಈ ಕಡಿ ಹೊಳ್ಳಿ ನೋಡಿದ್ರ ನಿಮಗೂ ತಿಳೀತಿತ್ತು, ನಗೂ ಸಿನಿಮಾ ಅಂತ."

ಸಿದ್ದರಾಮಪ್ಪನವರು ಗಾಡಿಯ ಕೀಲಿ ಕಿಸೆಗೆ ಹಾಕಿಕೊಂಡರು.

"ಲಗ್ನಾದಾಗಿಂದ ನೋಡಾಕತ್ತೀನಿ. ಅಂವಾ ಏನ ತಂದ, ಅಂವಾ ಎಲ್ಲಿ ಹ್ವಾದ. ಶಿವಶರಣಪ್ಪಾರ ಮಾರಿ ನೋಡಿದಷ್ಟ ನನ್ನ ಮಾರಿ ನೋಡಿಲ್ರಿ ನೀವು. ಅವರ ಮನಸ್ಸ ಮೆತ್ತಗಂತ ನಾ ಯಾಕ ಅಂದೆ? ಹಂಗ ಅಂದ್ರರ ನನ್ನ ಕಡಿ ನೋಡೀರೇನೋ ಅಂತ ಅಂದೆ."

ಸಿದ್ದರಾಮಪ್ಪನವರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಹನ್ನೂರಿಗೆ ಉತ್ತರ ಕೊಟ್ಟಿದ್ದೇ ಕೊಟ್ಟಿದ್ದು. ಮಗ್ಗುಲಲ್ಲಿ ಇದ್ದವಳು ಪ್ರಶ್ನೆ ಕೇಳುತ್ತಿದ್ದದ್ದು ಅವರಿಗೆ ಕೇಳಿಸಿರಲೇ ಇಲ್ಲ. ಎರಡು ಚಹಾ ಹೇಳಿ, ಇನ್ನೊಂದು ಬೆಂಚು ಎಳೆದುಕೊಂಡು ಹೆಂಡತಿಗೆ ಎದುರಾಗಿ ಕೂತರು.

"ಮೊದಲಿಂದ ಹೇಳು. ಸಿನಿಮಾದಾಗ ಏನಾತು?"

ಸುಮಿತ್ರಾಬಾಯಿ ಹೇಳಲು ಸುರುಮಾಡಿದರು. ಮುದುಕಿಯ ಚೀಲ ಬಂತು, ಬುದ್ಧಿ ಹೇಳುವ ಪಾದ್ರಿ ಬಂದ, ಪೆಟ್ಟಿಗೆಯ ಮೇಲೆ ಚಹಾದ ಕಪ್ಪು ಇಟ್ಟ ಪೊಲೀಸಿನವ ಬಂದ. ಕೈಯಾಡಿಸುತ್ತ, ಒಬ್ಬೊಬ್ಬರ ದನಿ ತೆಗೆಯುತ್ತ ಹೇಳಿದರು. ಸಿದ್ದರಾಮಪ್ಪನವರು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೆಂಡತಿಯ ತುಟಿ ಅರಳಿದ ಕಡೆಯಲ್ಲೆಲ್ಲ ಇವರಿಗೂ ನಗು ಬಂತು, ಖರೇ ನಗು. ಚಹಾ ತಂದವನು ಯಾರಿಗೆ ಏನಾಯಿತೆಂದು ನೋಡುತ್ತ ನಿಂತ.

"ಕಡೀಕ ಎಲ್ಲಾರೂ ಸಾಕಾಗಿ ಊಟಕ್ಕ ಹ್ವಾದ್ರು. ಸತ್ತಾಂವನ ಹೆಂಡ್ತಿ ಒಬ್ಬಾಕಿನ ಮೆಟ್ಟಿಲ ಮ್ಯಾಲ ಪೆಟ್ಟಿಗಿ ಬಾಜೂಕ ಕುಂತ್ಲು. ಪೆಟ್ಟಿಗಿ ಕಡಿ ನೋಡಿ ಅಂದ್ಲು, ಇವತ್ತರ ನನ್ನ ಬಾಜೂಕ ಕುಂತಿ ನೋಡು."

ಸಿದ್ದರಾಮಪ್ಪನವರು ಗಹಗಹಿಸಿ ನಕ್ಕರು. ನಕ್ಕು ನೋಡಿದರೆ ಸುಮಿತ್ರಾಬಾಯಿ ನಕ್ಕಿರಲಿಲ್ಲ.

"ಇಲ್ಲಿ ನಗಬಾರದೇನು?" ಮೆಲ್ಲಗೆ ಕೇಳಿದರು.

"ಇಲ್ಲಿ ನಗಬಾರದ್ರಿ," ಎಂದರು ಸುಮಿತ್ರಾಬಾಯಿ.

ಸಿದ್ದರಾಮಪ್ಪನವರ ಕಣ್ಣಲ್ಲಿ ನೀರು ಬಂತು. ಶಾಲು ಸ್ಕೂಟರಿನ ಡಿಕ್ಕಿಯಲ್ಲಿತ್ತು. ಎದ್ದು ಹೋಗಿ ತರಲಿಲ್ಲ, ಅಂಗಿಯ ತೋಳಿನಿಂದಲೇ ಒರೆಸಿಕೊಂಡರು.